ಐದು ಕಿಲೋಮೀಟರ್ ಲೋರಾ, ಇಪ್ಪತ್ತು ಎಚ್‌ಪಿ ಮೋಟರ್: ರಿಟ್ರೈ ಹೊತ್ತು ಹೊಂದಿಸಿದ ನನ್ನ ಅನುಭವ

ಜಮಖಂಡಿ ಕಡೆ ಕೃಷ್ಣಾ ದಂಡೆಯಲ್ಲಿ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ನಿಂದ ಕಬ್ಬಿನ ಹೊಲಕ್ಕೆ ಐದು ಕಿಲೋಮೀಟರ್ ಪೈಪ್‌ಲೈನ್. ನಡುವೆ ದಿನ್ನೆ, ಅದರ ಮೇಲೊಂದು ರಿಲೇ, ಅಂದರೆ ಸಂದೇಶ ಹಿಡಿದು ಮುಂದೆ ಸಾಗಿಸುವ ರೇಡಿಯೊ ಪೆಟ್ಟಿಗೆ. ಹೊಲದ ತುದಿಯಲ್ಲಿ ಡ್ರಿಪ್ ವಾಲ್ವ್ ಬಂದ್ ಆದರೆ ಎಂಟು ಹತ್ತು ಸೆಕೆಂಡಿನೊಳಗೆ ದಂಡೆಯ ಮೋಟರ್ ನಿಲ್ಲಬೇಕು, ಇಲ್ಲದಿದ್ದರೆ ಪಿವಿಸಿ ಜಾಯಿಂಟ್ ಬಿಚ್ಚುತ್ತದೆ. ಮೊಬೈಲ್ ಸ್ಟಾರ್ಟರ್‌ಗೆ ಎಸ್ಸೆಮ್ಮೆಸ್ ಒಮ್ಮೆ ಮೂರು ಸೆಕೆಂಡಿಗೆ, ಒಮ್ಮೆ ಮೂರು ನಿಮಿಷಕ್ಕೆ ಮುಟ್ಟುತ್ತಿತ್ತು. ಅದಕ್ಕೇ ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ಲೋರಾ ರೇಡಿಯೊ ಹಾಕಲು ಹೊರಟೆ. "ಗಾಳಿ ನಂಬಿ ಮೋಟರ್ ಬಿಡ್ತೀಯೇನೋ ತಮ್ಮಾ? ಕೇಬಲ್ ಎಳದ ಬಿಡು" ಅಂದಿದ್ದರು ಹೊಲದ ಕಾಕಾ. ನಮ್ಮ ಕಸುಬಿನವರೂ ಅದನ್ನೇ ಅಂದರು. ಈಗ ಎರಡು ಹಂಗಾಮು ಕಳೆದಿವೆ, ಒಂದು ಜಾಯಿಂಟೂ ಹೋಗಿಲ್ಲ.

ಲೋರಾ ಸಂದೇಶವನ್ನು ಎಷ್ಟು ನಿಧಾನಕ್ಕೆ ಎಳೆದು ಕಳಿಸಬೇಕೆಂಬ ಅಳತೆಗೆ ಎಸ್‌ಎಫ್ ಅನ್ನುತ್ತಾರೆ; ಏರಿಸಿದಷ್ಟೂ ದೂರ ಮುಟ್ಟುತ್ತದೆ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಸಿಗ್ನಲ್ ಸಣ್ಣದಾದರೆ ಎಸ್‌ಎಫ್ 12ಕ್ಕೆ ಏರಿಸು ಎನ್ನುವುದು ಎಲ್ಲರ ಸಲಹೆ. ಮೊದಲು ಹಾಗೇ ನಡೆಸಿದೆ, ಕೆಲಸ ಕೆಟ್ಟಿತು. 125 ಕಿಲೋಹರ್ಟ್ಸ್‌ನಲ್ಲಿ 12 ಬೈಟಿನ ಪ್ಯಾಕೆಟ್ ಎಸ್‌ಎಫ್ 9ಕ್ಕೆ 145 ಮಿಲಿಸೆಕೆಂಡ್ ಹಿಡಿದರೆ ಎಸ್‌ಎಫ್ 12ಕ್ಕೆ 1.2 ಸೆಕೆಂಡ್ ಹಿಡಿಯುತ್ತದೆ. ಸಂದೇಶ ರಿಲೇ ದಾಟಿ ಹೋಗಿ, ಮುಟ್ಟಿತೆಂಬ ಉತ್ತರವಾದ ಆ್ಯಕ್ ತಿರುಗಿ ಬರಲು ನಾಲ್ಕು ಸಲ ಗಾಳಿಗೆ ಬಿಡಬೇಕು, ಹೆಚ್ಚುಕಡಿಮೆ ಐದು ಸೆಕೆಂಡ್. ಎರಡನೇ ರಿಟ್ರೈ, ಅಂದರೆ ಮತ್ತೆ ಕಳಿಸುವುದು, ಮುಗಿಯುವಷ್ಟರಲ್ಲಿ ಪೈಪ್ ಹೋಗಿರುತ್ತದೆ. ಏರಿಸಬೇಕಾದದ್ದು ಆ್ಯಂಟೆನಾ. ಕಬ್ಬು ಹತ್ತು ಹನ್ನೆರಡು ಅಡಿ ಬೆಳೆದು ಎಲೆ ಒದ್ದೆಯಾದಾಗ 866 ಮೆಗಾಹರ್ಟ್ಸ್ ಅದರೊಳಗೇ ಸಾಯುತ್ತದೆ. ಇಪ್ಪತ್ತು ಅಡಿ ಜಿಐ ಪೈಪಿನ ತುದಿಗೆ ಕೂಡಿಸಿದ ಮೇಲೆ ಎಸ್‌ಎಫ್ 9 ಸಾಕಾಯಿತು.

ಆಮೇಲೆ ಟೈಮ್‌ಔಟ್ ಕಾಟ. ಆ್ಯಕ್‌ಗೆ ಎಷ್ಟು ಹೊತ್ತು ಕಾಯಬೇಕೆಂಬುದು ಲೋರಾ ಕೋಡ್ ಲೈಬ್ರರಿಯ ಉದಾಹರಣೆಯಲ್ಲಿ 500 ಮಿಲಿಸೆಕೆಂಡ್ ಇತ್ತು. ನಮ್ಮ ಆ್ಯಕ್ ತಿರುಗಿ ಬರುವುದೇ 600ರ ಆಚೆ. ಆ್ಯಕ್ ಬಾಗಿಲಿಗೆ ಬರುವ ಹೊತ್ತಿಗೆ ಹೊಲದ ಪೆಟ್ಟಿಗೆ ರಿಟ್ರೈ ಕಳಿಸುತ್ತಿರುತ್ತದೆ, ಕಳಿಸುವಾಗ ರೇಡಿಯೊಗೆ ಕಿವಿ ಇಲ್ಲ. ಲಾಗ್ ತೆಗೆದರೆ ಒಂದೇ ನಂಬರಿನ ನಿಲ್ಲು ಸಂದೇಶ ಸಾಲಾಗಿ ನಾಲ್ಕೈದು ಸಲ, ಮೊದಲನೆಯದಕ್ಕೇ ಮೋಟರ್ ನಿಂತಿದೆ. ಈಗ 750 ಕಾಯ್ದು, ಮೇಲೆ 400ರವರೆಗೆ ಪ್ರತಿ ಸಲ ಬೇರೆಯಾಗುವ ರ್‍ಯಾಂಡಮ್.

ಆ ರ್‍ಯಾಂಡಮ್ ಕೂಡ ಸುಲಭಕ್ಕೆ ದಕ್ಕಲಿಲ್ಲ. ತ್ರೀ ಫೇಸ್ ಬಂದ ಕ್ಷಣಕ್ಕೆ ದಂಡೆಯ ಎಲ್ಲ ರೇಡಿಯೊ ಪೆಟ್ಟಿಗೆಗಳೂ ಒಟ್ಟಿಗೆ ಎದ್ದು ಒಟ್ಟಿಗೆ ಕೂಗುತ್ತವೆ. ಪೆಟ್ಟಿಗೆಯೊಳಗಿನ ಆರ್ಡುಯಿನೊ ಬೋರ್ಡಿಗೆ ಸೀಡ್, ಅಂದರೆ ಎಣಿಕೆ ಶುರುಮಾಡುವ ಮೂಲ ಅಂಕಿ, ಕೊಡದಿದ್ದರೆ ಪ್ರತಿ ಬೋರ್ಡೂ ಪ್ರತಿ ಸಲ ಅದೇ ಸಾಲಿನ ಅಂಕಿ ಕೊಡುತ್ತದೆ. ಹಾಗಾಗಿ ಡಿಕ್ಕಿ ಹೊಡೆದವರೆಲ್ಲ ಅಷ್ಟೇ ಕಾಯ್ದು ಮತ್ತೆ ಡಿಕ್ಕಿ. ಪೆಟ್ಟಿಗೆಯ ಸೀರಿಯಲ್ ನಂಬರನ್ನು ಕರೆಂಟ್ ಹೋದರೂ ಅಳಿಯದ ಈಪ್ರಾಮ್‌ನಲ್ಲಿ ಬರೆದು ಅದನ್ನೇ ಸೀಡ್ ಮಾಡಿದೆ, ಗದ್ದಲ ಅಂದೇ ನಿಂತಿತು.

ಕೇಳಿಸಿತೋ ಇಲ್ಲವೋ ಎಂದು ಕಾಯದೆ ಎರಡೆರಡು ಸಲ ಕಳಿಸಿಯೂ ನೋಡಿದೆ. ಬೆನ್ನಿಗೆ ಬೆನ್ನು ಹಚ್ಚಿ ಕಳಿಸಿದರೆ ಉಪಯೋಗ ಕಡಿಮೆ, ಮೋಟರ್ ಚಾಲೂ ಆಗುವಾಗ ಸ್ಟಾರ್ಟರಿನಲ್ಲಿ ಸ್ಟಾರ್ ಡೆಲ್ಟಾ ಬದಲಾಗುವಾಗಿನ ಕಾಂಟ್ಯಾಕ್ಟರ್ ಕಿಡಿ ಎರಡನ್ನೂ ನುಂಗುತ್ತದೆ. ನಡುವೆ ಜಾಗ ಬಿಡಬೇಕು. ಎಷ್ಟು ಬಿಡಬೇಕು, ರಿಲೇ ಆ ಹೊತ್ತನ್ನು ಹೇಗೆ ಗುರುತಿಸುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಅಂಗಡಿ ಅದರ ಮೇಲೆ ನಡೆದಿದೆ.

ಇಷ್ಟೆಲ್ಲ ಆದರೂ ಕೆಲಸ ನಿಜವಾಗಿ ಕೈಗೆ ಹತ್ತಿದ್ದು ರಿಟ್ರೈ ಯಾವಾಗ ಕೈಬಿಡಬೇಕೆಂದು ಗೊತ್ತುಮಾಡಿದ ಮೇಲೆ. ಚಾಲೂ ಸಂದೇಶ ಒಂದು ನಿಮಿಷ ತಡವಾಗಿ ಮುಟ್ಟಿದರೆ ಅದು ಅಪಾಯ: ಅಷ್ಟರಲ್ಲಿ ಯಾರೋ ಸ್ಟಾರ್ಟರ್ ಬಾಗಿಲು ತೆಗೆದು ಕೈ ಹಾಕಿರುತ್ತಾರೆ. ಹಾಗಾಗಿ ಪ್ರತಿ ಪ್ಯಾಕೆಟ್‌ನಲ್ಲಿ ಒಂದು ಬೈಟ್ ಉಳಿದ ಆಯುಷ್ಯಕ್ಕೆ ಮೀಸಲು. ಕಳಿಸುವವನು ಪ್ರತಿ ರಿಟ್ರೈಗೆ ಸರಿದ ಹೊತ್ತನ್ನು ಅದರಿಂದ ಕಳೆಯುತ್ತಾನೆ, ರಿಲೇ ತಾನು ಇಟ್ಟುಕೊಂಡಷ್ಟನ್ನು ಕಳೆಯುತ್ತದೆ, ಸೊನ್ನೆಯಾದದ್ದನ್ನು ಎಸೆಯುತ್ತದೆ. ಯಾರ ಗಡಿಯಾರವೂ ಕೂಡಬೇಕಿಲ್ಲ. ಚಾಲೂಗೆ ಆರು ಸೆಕೆಂಡ್ ಆಯುಷ್ಯ ಕೊಟ್ಟಿದ್ದೇನೆ. ಪ್ರೆಶರ್ ರೀಡಿಂಗ್‌ಗೆ ರಿಟ್ರೈಯೇ ಇಲ್ಲ: ಹಳೆಯದು ಮುಟ್ಟದಿದ್ದರೆ ಹೊಸದು ಹೊರಡುತ್ತದೆ, ಕ್ಯೂ ಇಡುವುದಿಲ್ಲ. ನಿಲ್ಲು ಸಂದೇಶ ಮಾತ್ರ ಆ್ಯಕ್ ಬರುವವರೆಗೂ ಬಿಡದೆ ಹೋಗುತ್ತದೆ.

ಲಿಂಕ್ ಪೂರ್ತಿ ಸತ್ತರೆ? ಹೊಲದ ಕಡೆಯಿಂದ ಎಂಟು ಸೆಕೆಂಡಿಗೊಮ್ಮೆ ನಡೆಯಲಿ ಎಂಬ ಪರವಾನಗಿ ಹೋಗುತ್ತದೆ. ಇಪ್ಪತ್ತೈದು ಸೆಕೆಂಡ್ ಅದು ಕೇಳಿಸದಿದ್ದರೆ ಮೋಟರ್ ತಾನೇ ನಿಲ್ಲುತ್ತದೆ. ಹತ್ತಕ್ಕೆ ಇಳಿಸಿದ್ದೆ, ಸುಮ್ಮಸುಮ್ಮನೆ ನಿಂತು ಕಾಕಾ ಬೇಜಾರಾದರು. ಆ ಸಂದಿಗೆ ಪ್ರೆಶರ್ ರಿಲೀಫ್ ವಾಲ್ವ್ ಇದ್ದೇ ಇರಬೇಕು, ರೇಡಿಯೊ ನಂಬಿ ಅದನ್ನು ತೆಗೆಯಬೇಡಿ.

ರೊಕ್ಕ: ಎರಡು ತುದಿ, ಸೋಲಾರ್ ಹಾಕಿದ ರಿಲೇ, ಕಂಬ ಎಲ್ಲ ಸೇರಿ ಹದಿನೈದು ಸಾವಿರದ ಆಸುಪಾಸು. ಕೇಬಲ್ ಎಳೆದಿದ್ದರೆ ಒಂದೂವರೆ ಲಕ್ಷ ದಾಟುತ್ತಿತ್ತು. ಜಾಯಿಂಟ್ ಒಮ್ಮೆ ಬಿಚ್ಚಿದರೆ ಜೆಸಿಬಿ, ಆಳು ಸೇರಿ ನಾಲ್ಕೈದು ಸಾವಿರ, ಮೇಲೆ ಎರಡು ದಿನ ನೀರಿಲ್ಲ. ನನಗೆ ಹೆಚ್ಚು ನಷ್ಟ ಮಾಡಿದ್ದು ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಪವರ್ ಸಪ್ಲೈಗಳು.

ಇದೇ ಪೆಟ್ಟಿಗೆಯನ್ನು ತಿಕೋಟಾ ಹತ್ತಿರದ ದ್ರಾಕ್ಷಿ ತೋಟದಲ್ಲಿ ಎಲೆ ಒದ್ದೆಯಾಗಿರುವ ಹೊತ್ತು ಅಳೆಯಲು ಇಟ್ಟೆ. ಅಲ್ಲಿ ಲೆಕ್ಕ ಪೂರ್ತಿ ತಿರುವು: ಡೌನಿ ರೋಗ ಬರುತ್ತದೋ ಇಲ್ಲವೋ ತಿಳಿಯಲು ರಾತ್ರಿಯ ಒಂದೊಂದು ರೀಡಿಂಗೂ ಬೇಕು, ತಡವಾದರೂ ಅಡ್ಡಿಯಿಲ್ಲ. ಅಲ್ಲಿ ಆಯುಷ್ಯದ ಬೈಟ್ ತೆಗೆದು ಕ್ಯೂ ಹಾಕಿದ್ದೇನೆ, ರಿಟ್ರೈ ಹತ್ತು ನಿಮಿಷಕ್ಕೊಮ್ಮೆ, ಬೆಳಗಾಗುವವರೆಗೆ.