ಚೀಲಕ್ಕೆ ಬಂದ ಲೆನ್ಸ್‌ಗಳು, ಚೀಲದಿಂದ ಹೋದವು

ಬೇಲೂರಿನಲ್ಲಿ ನನ್ನದೊಂದು ಔಷಧಿ ಅಂಗಡಿಯಿದೆ. ಬಾಗಿಲು ತೆಗೆಯುವುದು ಒಂಬತ್ತಕ್ಕೆ. ಅದಕ್ಕೂ ಮೊದಲಿನ ಒಂದು ಗಂಟೆಯನ್ನು ಚೆನ್ನಕೇಶವನ ಗುಡಿಯಲ್ಲಿ ಕಳೆಯುವ ಚಟ ಹತ್ತಿದ್ದು 2011ರಲ್ಲಿ, ನಿಕಾನ್ ಡಿ3100 ಕ್ಯಾಮೆರಾವನ್ನು ಅದರೊಂದಿಗೆ ಬರುವ 18–55 ಮಿ.ಮೀ. ಲೆನ್ಸ್ ಸಮೇತ ಕೊಂಡ ಮೇಲೆ.

ಗುಡಿಯ 42 ಮದನಿಕೆಯರಲ್ಲಿ ನಾಲ್ವರು ಒಳಗೆ, ನವರಂಗದ ಕಂಬಗಳ ಮೇಲಿದ್ದಾರೆ. ಅವರಲ್ಲೊಬ್ಬಳ ಕೈಬಳೆ ಕಲ್ಲಿನದಾದರೂ ತಿರುಗುತ್ತದೆ ಎಂದು ಮಾರ್ಗದರ್ಶಿಗಳು ಬಂದವರಿಗೆಲ್ಲ ಹೇಳುತ್ತಾರೆ. ಚಿಕ್ಕಂದಿನಿಂದ ಕೇಳಿದ ಮಾತು. ಆ ಬಳೆಯನ್ನು ಫೋಟೊದಲ್ಲಿ ಹಿಡಿಯಬೇಕೆನ್ನುವುದೇ ನನ್ನ ಮೊದಲ ಆಸೆಯಾಗಿತ್ತು. ಹಿಡಿದೆ. ಅಂಗಡಿಯ ಕಂಪ್ಯೂಟರಿನಲ್ಲಿ ಬಿಲ್ಲುಗಳ ನಡುವೆ ತೆರೆದು ನೋಡಿದರೆ ಬಳೆಯೂ ಇಲ್ಲ, ಬೆರಳೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಒಂದು ಬೂದು ಗೆರೆ.

ನವರಂಗ ಮೊದಲು ತೆರೆದ ಮಂಟಪವಾಗಿತ್ತಂತೆ. ಎರಡನೇ ವೀರಬಲ್ಲಾಳನ ಕಾಲದಲ್ಲಿ ಸುತ್ತಲೂ ಜಾಲಂಧ್ರಗಳನ್ನು ಕೂರಿಸಿದರು. ಈಗ ಒಳಗಿರುವುದು ಬಾಗಿಲಿನಿಂದ ಬರುವಷ್ಟು, ಕಲ್ಲಿನ ತೂತುಗಳಲ್ಲಿ ಸೋಸಿ ಇಳಿಯುವಷ್ಟು ಬೆಳಕು ಮಾತ್ರ. ರಾಜನನ್ನು ದೂರುವ ಹಾಗಿರಲಿಲ್ಲ. ಹಾಗಾಗಿ ಕ್ಯಾಮೆರಾವನ್ನು ದೂರಿದೆ. ಇನ್ನೂ ದುಬಾರಿಯ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಂಡಿದ್ದರೆ ಬಳೆ ಸಿಗುತ್ತಿತ್ತು ಎಂದು ಒಂದು ತಿಂಗಳು ಹಲುಬಿದೆ.

ನಿಜ ಸಂಗತಿ ಆ ಫೋಟೊದ ಜೊತೆಯಲ್ಲೇ ಇತ್ತು. ಪ್ರತಿ ಫೋಟೊದೊಳಗೂ ಕ್ಯಾಮೆರಾ ತನ್ನ ಲೆಕ್ಕವನ್ನು ಬರೆದಿಟ್ಟಿರುತ್ತದೆ. ಅಲ್ಲಿ 55 ಮಿ.ಮೀ., ಎಫ್ 5.6, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, 1/6 ಸೆಕೆಂಡ್ ಎಂದಿತ್ತು. ಕೈಯಲ್ಲಿ ಹಿಡಿದು ಸೆಕೆಂಡಿನ ಆರರಲ್ಲೊಂದು ಭಾಗ ಅಲುಗದೆ ನಿಲ್ಲಲು ನಾನೇನು ಗೊಮ್ಮಟನೇ? ಟ್ರೈಪಾಡ್ ಇಡೋಣವೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಫ್ಲ್ಯಾಶ್ ಹೊಡೆದರೆ ಬಳಪದ ಕಲ್ಲಿನ ನುಣುಪೆಲ್ಲ ಸತ್ತು, ಮೂರ್ತಿ ಸುಣ್ಣ ಬಳಿದ ಹಾಗೆ ಚಪ್ಪಟೆಯಾಗುತ್ತದೆ. ಉಳಿದದ್ದು ಒಂದೇ ದಾರಿ, ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಲೆನ್ಸ್. ಎಫ್ ಪಕ್ಕದ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಬೆಳಕು ಹೆಚ್ಚುವುದು ಆ ಸಂಖ್ಯೆಯ ವರ್ಗದ ಲೆಕ್ಕದಲ್ಲಿ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಹತ್ತಕ್ಕೆ ಕೊಂಚ ಕಡಿಮೆ. ಅಂದರೆ ಅದೇ ಕತ್ತಲಲ್ಲಿ, ಅದೇ ಕ್ಯಾಮೆರಾದಲ್ಲಿ, 1/6 ಇದ್ದದ್ದು ಸುಮಾರು 1/60 ಆಗುತ್ತದೆ. ಯಾವ ದುಬಾರಿ ಬಾಡಿಯೂ ಆ ಕಾಲಕ್ಕೆ ನನಗೆ ಇಷ್ಟನ್ನು ಕೊಡುತ್ತಿರಲಿಲ್ಲ.

ಹಾಸನದಲ್ಲಿ ಮದುವೆ ಫೋಟೊ ತೆಗೆಯುವ ಹಿರಿಯರೊಬ್ಬರು 50 ಮಿ.ಮೀ. ಎಫ್ 1.8 ಡಿ ಲೆನ್ಸನ್ನು ಮಾರುತ್ತಿದ್ದರು. ನಾಲ್ಕೂವರೆ ಸಾವಿರಕ್ಕೆ ತಂದೆ. ಬಸ್ಸಿನಲ್ಲೇ ಕ್ಯಾಮೆರಾಕ್ಕೆ ಜೋಡಿಸಿ ಗುಂಡಿ ಒತ್ತಿದರೆ ಫೋಕಸ್ ಅಲುಗಲಿಲ್ಲ. ಕೆಟ್ಟ ಮಾಲು ಎಂದು ಮರುದಿನ ವಾಪಸು ಕೊಡಲು ಹೋದಾಗ ಆ ಹಿರಿಯರು ನಕ್ಕು, ಲೆನ್ಸಿನ ಹಿಂಬದಿಯಲ್ಲಿರುವ ಚಿಕ್ಕ ಸೀಳನ್ನು ತೋರಿಸಿದರು. ತಿರುಪುಳಿ ಹಾಕಿ ತಿರುಗಿಸುವ ಸೀಳಿನ ಹಾಗಿತ್ತು. "ಇದನ್ನು ತಿರುಗಿಸುವ ಮೋಟಾರು ಕ್ಯಾಮೆರಾದಲ್ಲಿರಬೇಕು ಡಾಕ್ಟರೇ, ನಿಮ್ಮದರಲ್ಲಿ ಇಲ್ಲ" ಎಂದರು. (ಔಷಧಿ ಅಂಗಡಿಯವನು ಡಾಕ್ಟರಲ್ಲ ಎಂದು ಹೇಳುವುದನ್ನು ನಾನು ಎಂದೋ ಬಿಟ್ಟಿದ್ದೇನೆ.) ನಿಕಾನ್‌ನ ಹಳೆಯ ಎಎಫ್, ಎಎಫ್-ಡಿ ಲೆನ್ಸ್‌ಗಳ ಫೋಕಸ್ ತಿರುಗುವುದು ಬಾಡಿಯೊಳಗಿನ ಮೋಟಾರಿನಿಂದ. ಡಿ90, ಡಿ7000ದಲ್ಲಿ ಅದಿದೆ. ಡಿ3100, ಡಿ5100ರಲ್ಲಿ ಇಲ್ಲ. ಇವಕ್ಕೆ ಮೋಟಾರನ್ನು ತನ್ನೊಳಗೇ ಇಟ್ಟುಕೊಂಡ ಎಎಫ್-ಎಸ್ ಲೆನ್ಸ್ ಬೇಕು. ಕ್ಯಾನನ್ ಕೊಂಡ ನನ್ನ ಷಡ್ಡಕನಿಗೆ ಈ ತಲೆನೋವೇ ಇರಲಿಲ್ಲ. 1987ರಲ್ಲಿ ಇಎಫ್ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಬಾಯಿ) ತಂದಾಗಲೇ ಅವರು ಮೋಟಾರನ್ನು ಲೆನ್ಸಿಗೆ ಸೇರಿಸಿಬಿಟ್ಟಿದ್ದರು.

ವಾಪಸು ಕೊಡಲಿಲ್ಲ. ಕೈಯಿಂದಲೇ ಉಂಗುರ ತಿರುಗಿಸಿದೆ. ಫೋಕಸ್ ಕೂತಾಗ ವ್ಯೂಫೈಂಡರಿನ ಎಡ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೆ, ಅದೇ ನನ್ನ ಗುರು. ಮೂರ್ತಿ ಓಡಿಹೋಗುವುದಿಲ್ಲವಲ್ಲ. ಎಫ್ 1.8ರಲ್ಲಿ ಚಿತ್ರ ಸ್ವಲ್ಪ ಮೆದು ಎನ್ನಿಸಿತು; 2.2ಕ್ಕೆ ಏರಿಸಿದಾಗ 1/40 ಸಿಕ್ಕಿತು. ಕಂಬಕ್ಕೆ ಭುಜವಾನಿಸಿ, ಉಸಿರು ಬಿಡುತ್ತ ಐದಾರು ಸಲ ಒತ್ತಿದರೆ ಒಂದಾದರೂ ಗಟ್ಟಿ. ಮೂರನೆಯ ವಾರ ಬಳೆ ಸಿಕ್ಕಿತು. ಬಳೆಗೂ ಮಣಿಕಟ್ಟಿಗೂ ನಡುವಿನ ಕೂದಲೆಳೆಯಷ್ಟು ಕಪ್ಪು ಸಂದು ಕೂಡ ಕಾಣುತ್ತಿತ್ತು.

ಹೊರಗಿನ ಮದನಿಕೆಯರದು ಬೇರೆ ಕಥೆ. ಅವರು ಸೂರಿನ ಕೆಳಗೆ, ಮುಂದಕ್ಕೆ ಬಾಗಿ ನಿಂತಿದ್ದಾರೆ, 55 ಮಿ.ಮೀ.ನಲ್ಲಿ ಅಂಗೈಯಷ್ಟೇ ಕಾಣುತ್ತಾರೆ. ಕೆಳಗೆ ಹೋಗಿ ನಿಂತರೆ ಗಲ್ಲ, ಮೂಗಿನ ಹೊಳ್ಳೆ. ದೂರ ಸರಿದು ನಿಂತು ಉದ್ದನೆಯ ಲೆನ್ಸಿನಲ್ಲಿ ಹಿಡಿದರೆ ಮಾತ್ರ ಮುಖ ಮುಖದಂತೆ ಬರುತ್ತದೆ. ಇದಕ್ಕೆ 70–300 ಮಿ.ಮೀ. ವಿಆರ್ ತಂದೆ, ಈ ಒಂದು ಖರೀದಿಯ ಬಗ್ಗೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಕಲ್ಲು ಅಲುಗುವುದಿಲ್ಲ, ಅಲುಗುವುದು ನನ್ನ ಕೈ. ವಿಆರ್ ಸರಿಪಡಿಸುವುದೂ ಕೈಯ ಅಲುಗಾಟವನ್ನೇ. ಹಳೇಬೀಡಿಗೂ ಇದೇ ಸಾಕು. ಅಲ್ಲಿ ಲೆನ್ಸಿಗಿಂತ ಗಡಿಯಾರ ಮುಖ್ಯ: ಗುಡಿ ಪೂರ್ವಾಭಿಮುಖ, ಹಿಂಬದಿಯ ಗೋಡೆಗೆ ಓರೆ ಬಿಸಿಲು ಬೀಳುವುದು ಮಧ್ಯಾಹ್ನದ ನಂತರ. ಬೆಳಿಗ್ಗೆ ಹೋದವರಿಗೆ ಆನೆಗಳ ಸಾಲು ಮಂಕಾಗಿಯೇ ಸಿಗುತ್ತದೆ.

ನಡುವೆ 10–20 ಮಿ.ಮೀ. ಅಗಲ ಕೋನದ ಲೆನ್ಸೊಂದು ಬಂದು ಹೋಯಿತು. ಗುಡಿಯ ಫೋಟೊಕ್ಕೆ ಅದು ಬೇಕೇ ಬೇಕು ಎಂದು ಎಲ್ಲರೂ ಹೇಳಿದ್ದರು. ಕ್ಯಾಮೆರಾ ಚೂರು ಮೇಲೆತ್ತಿದರೂ ಕಂಬಗಳು ಒಂದರ ಮೇಲೊಂದು ಬೀಳುವಂತೆ ಒಳಗೆ ವಾಲುತ್ತವೆ. ವರ್ಷದೊಳಗೆ ಮಾರಿದೆ.

ಬಾಡಿ ಬದಲಿಸಿದ್ದು 2015ರಲ್ಲಿ, ಅದೂ ಆ 50 ಮಿ.ಮೀ. ಲೆನ್ಸಿನ ಸಲುವಾಗಿ. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಕುಣಿಯುವ ಮಕ್ಕಳು ಹಸಿರು ಚುಕ್ಕೆಗಾಗಿ ಕಾಯಲಿಲ್ಲ. ಹಳೆಯ ಡಿ7000 ಹುಡುಕಿದೆ. ನನಗೆ ಬೇಕಿದ್ದದ್ದು ಮೋಟಾರು, ಹನ್ನೊಂದರ ಬದಲು 39 ಫೋಕಸ್ ಬಿಂದುಗಳು, ಮತ್ತು ಕನ್ನಡಿಗಳ ಬದಲು ಗಾಜಿನ ಪಟ್ಟಕವಿರುವ ದೊಡ್ಡ ವ್ಯೂಫೈಂಡರ್. 14ರ ಬದಲು 16 ಮೆಗಾಪಿಕ್ಸೆಲ್ ಎನ್ನುವುದು ಲೆಕ್ಕಕ್ಕೇ ಇರಲಿಲ್ಲ. ಮಾರುವವರಿಂದ ಅಂದಿನ ಒಂದು ಫೋಟೊ ತರಿಸಿಕೊಂಡು ಶಟರ್ ಎಷ್ಟು ಸಲ ಬಿದ್ದಿದೆ ಎಂದು ನೋಡಿದೆ. ನಲವತ್ತೆರಡು ಸಾವಿರ. ಆ ಮಾದರಿಯ ಶಟರನ್ನು 1,50,000 ಸಲಕ್ಕೆ ಪರೀಕ್ಷಿಸಿರುತ್ತಾರೆ, ಹಾಗಾಗಿ ಧೈರ್ಯ ಬಂತು.

ಇಷ್ಟೆಲ್ಲ ಲೆಕ್ಕ ಹಾಕುವವನು ಬೂಷ್ಟಿನ ವಿಷಯದಲ್ಲಿ ಮಾತ್ರ ಪೆದ್ದನಾದೆ. ಒಂದು ಮಳೆಗಾಲ ಪೂರ್ತಿ ಲೆನ್ಸ್‌ಗಳನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೆ. ಜೊತೆಗೆ ಮಾತ್ರೆ ಡಬ್ಬಿಗಳಿಂದ ಒಟ್ಟುಮಾಡಿದ ಸಿಲಿಕಾ ಜೆಲ್ ಪೊಟ್ಟಣಗಳು ಒಂದು ಹಿಡಿ. ಪುಕ್ಕಟೆ ಸಿಕ್ಕ ಜಾಣತನ ಅಂದುಕೊಂಡಿದ್ದೆ. ಡಬ್ಬಿ ಒಡೆದು ತಿಂಗಳುಗಟ್ಟಲೆ ಗಾಳಿಯಲ್ಲಿದ್ದ ಪೊಟ್ಟಣ ಅಷ್ಟರಲ್ಲಾಗಲೇ ಹೊಟ್ಟೆ ತುಂಬ ನೀರು ಕುಡಿದಿರುತ್ತದೆ ಎಂದು ಔಷಧಿ ಮಾರುವವನಿಗೇ ಹೊಳೆಯಲಿಲ್ಲ. ದಸರೆಯ ಹೊತ್ತಿಗೆ 50 ಮಿ.ಮೀ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಒಳಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು. ಬೆಂಗಳೂರಿನಲ್ಲಿ ಬಿಚ್ಚಿಸಿ ತೊಳೆಸಿದೆ. ಎಳೆ ಹೋಯಿತು, ಅದು ಗಾಜಿನ ಲೇಪನವನ್ನು ತಿಂದ ಗುರುತು ಹೋಗಲಿಲ್ಲ. ಈಗ ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಅರ್ಧ ಕೆಜಿ ನೀಲಿ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ. ಮುಳ್ಳು 40ರಿಂದ 50ರ ನಡುವೆ ಇರಬೇಕು. ಹರಳು ಗುಲಾಬಿಗೆ ತಿರುಗಿದರೆ ದಪ್ಪ ತಳದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತೇನೆ. ಆ ಬಾಣಲೆ ಅಡುಗೆಮನೆಗೆ ಮರಳುವಂತಿಲ್ಲ ಎಂಬುದು ಮನೆಯಾಕೆಯ ಆಜ್ಞೆ. ಅದು ಸರಿಯೂ ಹೌದು. ಹಳೆಯ ಲೆನ್ಸ್ ಕೊಳ್ಳುವಾಗ, ಅದರಲ್ಲೂ ಮಲೆನಾಡಿನಲ್ಲಿ, ಟಾರ್ಚ್ ಬಿಡದೆ ಹಣ ಕೊಡಬಾರದು. ಮುಂದಿನ ಗಾಜಿನ ಗೀರಿಗಿಂತ ಹಿಂದಿನ ಗಾಜಿನ ಕಲೆ ಹೆಚ್ಚು ಕೆಡುಕು.

ಹಕ್ಕಿಯ ಹುಚ್ಚು ಹಿಡಿದಾಗ ಕೊಳ್ಳುವ ಮೊದಲು ಬಾಡಿಗೆಗೆ ತರುವಷ್ಟು ಬುದ್ಧಿ ಬಂದಿತ್ತು. 200–500 ಮಿ.ಮೀ. ಎಫ್ 5.6 ಲೆನ್ಸ್, ತೂಕ 2.3 ಕೆಜಿ, ಮೂರು ದಿನಕ್ಕೆ. ಮೊದಲ ದಿನ ಮೂಡಿಗೆರೆ ಕಡೆಯ ಗೆಳೆಯನ ತೋಟ. ಸಿಲ್ವರ್ ಓಕಿನ ನೆರಳು, ಅದರ ಕೆಳಗೆ ಕಾಫಿಯ ನೆರಳು. ಅತ್ತಿಮರಕ್ಕೆ ಬಂದ ಮಂಗಟ್ಟೆಗೆ ಐಎಸ್‌ಒ 3200ರಲ್ಲೂ 1/250 ಮೀರಲಿಲ್ಲ. ಕೊಕ್ಕು ಚೂಪಾಗಿ ಬಂತು, ಆಡಿಸಿದ ತಲೆ ಕಲಸಿಹೋಯಿತು. ಎರಡನೆಯ ದಿನ ಲಕ್ಕವಳ್ಳಿಯ ಬಳಿ ಭದ್ರಾ ಹಿನ್ನೀರಿನಲ್ಲಿ ದೋಣಿ. ಅದೇ ಲೆನ್ಸ್, ಅದೇ ಎಫ್ 5.6, ಬಯಲು ಬಿಸಿಲಿಗೆ 1/2000 ಸಲೀಸಾಗಿ ಸಿಕ್ಕಿ, ಮೀನಿಗೆ ಎರಗುವ ರೀವ ಹಕ್ಕಿಯ (ಟರ್ನ್) ರೆಕ್ಕೆಯ ಒಂದೊಂದು ಗರಿಯೂ ನಿಂತಿತು. ನಮ್ಮ ಕ್ಯಾಮೆರಾದ ಚಿಕ್ಕ ಸಂವೇದಕದ ದೆಸೆಯಿಂದ 500 ಮಿ.ಮೀ. ನೋಟ 750ರಷ್ಟು ಹತ್ತಿರ ಕಂಡಿತು. ಮೂರನೆಯ ದಿನ ಭುಜ ನೋವು, ಮನೆಯಲ್ಲೇ ಇದ್ದೆ. ನಾನು ನೀರಿನ ಮೇಲಿನ ಹಕ್ಕಿ ನೋಡಲು ಹೋಗುವುದು ವರ್ಷಕ್ಕೊಮ್ಮೆ. ಲೆನ್ಸನ್ನು ಕೊಳ್ಳಲಿಲ್ಲ, ಪ್ರತಿ ಬೇಸಿಗೆಗೆ ಬಾಡಿಗೆಗೆ ತರುತ್ತೇನೆ.

ಎಲ್ಲರೂ ಕನ್ನಡಿಯಿಲ್ಲದ ಮಿರರ್‌ಲೆಸ್ ಕಡೆಗೆ ಹೊರಟ ಮೇಲೆ ನನ್ನದರಂಥ ಕನ್ನಡಿಯಿರುವ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸ್‌ಗಳ ಬೆಲೆ ಬಿದ್ದಿದೆ. ನನ್ನಂಥವರಿಗೆ ಇದು ಸುಗ್ಗಿ. ಕಳೆದ ಚಳಿಗಾಲದಲ್ಲಿ ಹಾಸನದ ಎಂಜಿನಿಯರಿಂಗ್ ಹುಡುಗನೊಬ್ಬ ಅಂಗಡಿಗೆ ಬಂದು, "ಅಂಕಲ್, ಯಾವ ಕ್ಯಾಮೆರಾ ತೆಗೆದುಕೊಳ್ಳಲಿ?" ಎಂದ. ಅವನ ಬಳಿ ಆಗಲೇ ಒಂದು ನಿಕಾನ್ ಮಿರರ್‌ಲೆಸ್ ಇತ್ತು! ಕೆಟ್ಟ ಫೋಟೊಗಳನ್ನು ಹತ್ತು ತೋರಿಸು ಎಂದೆ. ಹತ್ತರಲ್ಲಿ ಏಳು ನವರಂಗದವು, 1/8, 1/10. ನನ್ನ 50 ಮಿ.ಮೀ. ಕೊಟ್ಟು ಕಳಿಸಿದೆ. ಹಳೆಯ ಲೆನ್ಸನ್ನು ಮಿರರ್‌ಲೆಸ್‌ಗೆ ಜೋಡಿಸುವ ಅವನ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಫೋಕಸ್ ತಿರುಗಿಸುವ ಆ ಮೋಟಾರು ಇಲ್ಲ. ಒಂದು ವಾರದ ನಂತರ ಫೋನು ಮಾಡಿ, ಲೆನ್ಸ್ ಕೆಟ್ಟಿದೆ ಅಂಕಲ್ ಎಂದ. ಕೈಯಿಂದ ತಿರುಗಿಸು ಎಂದೆ. ಲೆನ್ಸ್ ಇನ್ನೂ ಅವನ ಹತ್ತಿರವೇ ಇದೆ. ಮಳೆ ಹಿಡಿಯುವ ಮೊದಲು ತರಿಸಿಕೊಂಡು ಡಬ್ಬಿಗೆ ಹಾಕಬೇಕು.