ವರ್ಗಮೂಲದ ಚಿಹ್ನೆ ಕಂಡ ಮಾತ್ರಕ್ಕೆ

ಭಾಗಲಬ್ಧ ಬೀಜೋಕ್ತಿಯ ವ್ಯಾಖ್ಯೆ ನನ್ನ ಮಕ್ಕಳಿಗೆಲ್ಲ ಬಾಯಿಪಾಠ: ಮೇಲೆ ಒಂದು ಬಹುಪದೋಕ್ತಿ (3ಕ್ಷ² + 1ರಂತೆ, ಕ್ಷದ ಘಾತಸೂಚಿಗಳು ಋಣವಲ್ಲದ ಪೂರ್ಣಾಂಕಗಳೇ ಆಗಿರುವ ಉಕ್ತಿ), ಕೆಳಗೆ ಸೊನ್ನೆಯಲ್ಲದ ಇನ್ನೊಂದು ಬಹುಪದೋಕ್ತಿ. ಕಾರವಾರದಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹಲಗೆಯ ಮೇಲೆ √5·ಕ್ಷ/(ಕ್ಷ + 1) ಎಂದು ಬರೆದ ಕೂಡಲೇ ಆ ಬಾಯಿಪಾಠ ಕೈಕೊಡುತ್ತದೆ. "√5 ಅಭಾಗಲಬ್ಧ ಅಲ್ಲವೇ ಸರ್? ಹಾಗಾದರೆ ಇದೂ ಅಭಾಗಲಬ್ಧವೇ" ಎಂಬ ಉತ್ತರ ಪ್ರತಿ ವರ್ಷವೂ ಬರುತ್ತದೆ. ತರ್ಕವೇನೋ ಚೆನ್ನಾಗಿಯೇ ಇದೆ, ಆದರೆ ಅದು ಸಂಖ್ಯೆಗೆ ಸೇರಿದ್ದು, ಬೀಜೋಕ್ತಿಗಲ್ಲ.

ಆದ್ದರಿಂದ ವ್ಯಾಖ್ಯೆಯನ್ನು ಬದಿಗಿಟ್ಟು ಒಂದೇ ಪ್ರಶ್ನೆ ಕೇಳಿಸುತ್ತೇನೆ: ಇಲ್ಲಿ ಕ್ಷ ಏನೇನು ಅನುಭವಿಸಿದೆ? ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ಇಷ್ಟೇ ಆದರೆ ಅದು ಭಾಗಲಬ್ಧ ಬೀಜೋಕ್ತಿ. ಜೊತೆಗಿರುವ ಸ್ಥಿರಾಂಕ √5 ಇರಲಿ, π ಇರಲಿ, ನಮಗೆ ಸಂಬಂಧವಿಲ್ಲ. ಕ್ಷ ಸ್ವತಃ ಮೂಲಚಿಹ್ನೆಯ ಒಳಗೆ ಸಿಕ್ಕಿಬಿದ್ದಿದ್ದರೆ, ಅಥವಾ 2ರ ತಲೆಯ ಮೇಲೆ ಘಾತಸೂಚಿಯಾಗಿ ಕುಳಿತಿದ್ದರೆ ಮಾತ್ರ ಅನುಮಾನಪಡಬೇಕು.

ಈ ಪ್ರಶ್ನೆಯೊಂದಿಗೆ ಉಳಿದವು ಬೇಗ ಮುಗಿಯುತ್ತವೆ. ಕ್ಷ⁻² ಬಹುಪದೋಕ್ತಿಯಲ್ಲ, ಆದರೆ 1/ಕ್ಷ² ಎಂದು ಬರೆದರೆ ಭಾಗಲಬ್ಧ ಬೀಜೋಕ್ತಿಯೆಂಬುದು ಕಣ್ಣಿಗೇ ಕಾಣುತ್ತದೆ. ಕ್ಷ³ − 7ಕ್ಕೆ ಛೇದವೇ ಇಲ್ಲವಲ್ಲ ಎಂದರೆ, 1 ಇದೆ ಎನ್ನುತ್ತೇನೆ.

√(ಕ್ಷ²) ಬಂದಾಗ ಮಾತ್ರ ಆತುರಪಡಲು ಬಿಡುವುದಿಲ್ಲ. ವರ್ಗವೂ ಮೂಲವೂ ಹೊಡೆದುಹೋಗಿ ಕ್ಷ ಉಳಿಯಿತು ಎಂದು ಮಕ್ಕಳು ಬರೆದುಬಿಡುತ್ತಾರೆ. ಕ್ಷ = −3 ಹಾಕಿ ನೋಡಿ ಎನ್ನುತ್ತೇನೆ. ಒಳಗೆ 9, ಹೊರಗೆ 3, −3 ಅಲ್ಲ. ಹಾಗಾಗಿ ಅದು ಕ್ಷದ ನಿರಪೇಕ್ಷ ಬೆಲೆ, ಅಂದರೆ ಋಣಚಿಹ್ನೆ ಬಿಟ್ಟ ಬೆಲೆ; ಭಾಗಲಬ್ಧ ಬೀಜೋಕ್ತಿ ಅಲ್ಲ. √(ಕ್ಷ⁴) ಕಥೆ ಬೇರೆ. ಯಾವ ವಾಸ್ತವ ಸಂಖ್ಯೆ ಹಾಕಿದರೂ ಅದರ ಬೆಲೆ ಕ್ಷ² ಅಷ್ಟೇ, ಹಾಗಾಗಿ ಅದರಲ್ಲಿ ಆಕ್ಷೇಪಿಸಲು ಏನೂ ಇಲ್ಲ. ಇವೆರಡನ್ನೂ ಅಕ್ಕಪಕ್ಕದಲ್ಲಿ ಬರೆದು ಸ್ವಲ್ಪ ಹೊತ್ತು ಜಗಳವಾಡಲು ಬಿಡುವುದು ನನಗೆ ಇಷ್ಟ.

ಛೇದ ಸೊನ್ನೆಯಾಗಬಾರದು ಎಂಬುದನ್ನು ನಿಯಮವೆಂದು ಹೇಳಿದರೆ ಯಾರಿಗೂ ತಟ್ಟುವುದಿಲ್ಲ. ನಮ್ಮಲ್ಲಿ ಕಾಳಿ ನದಿ ಇರುವುದರಿಂದ ನನ್ನ ಕೆಲಸ ಸುಲಭ. ಅಳಿವೆಯ ಹತ್ತಿರದ ಕೋಡಿಬಾಗದಿಂದ ಹರಿವಿಗೆ ಎದುರಾಗಿ ಕದ್ರಾ ದಿಕ್ಕಿಗೆ ದೋಣಿಯೊಂದು 12 ಕಿ.ಮೀ. ಹೋಗಿ ಮರಳಬೇಕು, ನಿಂತ ನೀರಿನಲ್ಲಿ ಅದರ ವೇಗ ಗಂಟೆಗೆ ಕ್ಷ ಕಿ.ಮೀ., ನದಿಯ ಸೆಳೆತ 3 ಕಿ.ಮೀ. ಎಂದುಕೊಳ್ಳಿ. ಒಟ್ಟು ಸಮಯ 12/(ಕ್ಷ − 3) + 12/(ಕ್ಷ + 3), ಅಂದರೆ 24ಕ್ಷ/(ಕ್ಷ² − 9) ಗಂಟೆ. ಕ್ಷ = 3 ಆದರೆ ಏನಾಗುತ್ತದೆ ಎಂದು ಕೇಳಿದಾಗ, ಮೀನುಗಾರರ ಮನೆಯ ಮಕ್ಕಳು ಲೆಕ್ಕ ಮಾಡದೆ ಉತ್ತರಿಸುತ್ತಾರೆ: ಎಂಜಿನ್ ಓಡುತ್ತಲೇ ಇರುತ್ತದೆ, ದೋಣಿ ಅಲ್ಲೇ ಇರುತ್ತದೆ. ಬೀಜಗಣಿತ −3 ಅನ್ನೂ ತಳ್ಳಿಹಾಕುತ್ತದೆ. ದೋಣಿಯ ಲೆಕ್ಕಕ್ಕಾದರೋ 3ಕ್ಕಿಂತ ಹೆಚ್ಚಿನ ವೇಗವೇ ಬೇಕು.

ಒಮ್ಮೆ ಒಬ್ಬಳು ಹುಡುಗಿ ತಡೆದಳು. "ಸರ್, ಉಬ್ಬರದ ಹೊತ್ತಿನಲ್ಲಿ ಅಳಿವೆಯ ಹತ್ತಿರ ನೀರು ಒಳಗೇ ನುಗ್ಗುತ್ತದೆ. ಆಗ ಹೋಗುವಾಗ ಸಲೀಸು, ಬರುವಾಗ ಕಷ್ಟ." ಸರಿ, ಆಗಲೂ ಸೆಳೆತ 3 ಕಿ.ಮೀ. ಎಂದೇ ಇಟ್ಟುಕೊಂಡು ಬರೆಯಿರಿ ಎಂದೆ. ಎರಡು ಭಿನ್ನರಾಶಿಗಳು ಜಾಗ ಬದಲಿಸಿಕೊಂಡವು, ಮೊತ್ತ ಹಾಗೇ ಉಳಿಯಿತು! ಅವಳ ಪ್ರಶ್ನೆಯನ್ನು ಈಗ ನಾನೇ ಪ್ರತಿ ತಂಡಕ್ಕೂ ಕೇಳುತ್ತೇನೆ.

ಇನ್ನು ಸಂಕ್ಷೇಪಿಸುವ ವಿಷಯ. (ಕ್ಷ² − 9)/(ಕ್ಷ − 3) ಎಂಬುದನ್ನು ಕ್ಷ + 3 ಎಂದು ಬರೆದ ಮೇಲೂ ಕ್ಷ = 3ಕ್ಕೆ ಪ್ರವೇಶವಿಲ್ಲ. ಹೊಡೆದುಹಾಕಿದ ಮೇಲೆ ಛೇದ ಹುಡುಕಿದರೆ ಇದು ಸಿಗುವುದಿಲ್ಲ. ಆದ್ದರಿಂದ ಪೆನ್ಸಿಲ್ ಎತ್ತಿದ ಕೂಡಲೇ, ಏನನ್ನೂ ಹೊಡೆಯುವ ಮೊದಲು, ನಿಷಿದ್ಧ ಬೆಲೆಗಳನ್ನು ಪುಟದ ಅಂಚಿನಲ್ಲಿ ಬರೆಸುತ್ತೇನೆ. ಈ ವಿಷಯದಲ್ಲಿ ನಾನು ತುಸು ಕಠಿಣ. ಅಂಚು ಖಾಲಿಯಿದ್ದರೆ ಉತ್ತರ ನೋಡುವುದೇ ಇಲ್ಲ. ಮನೆಗೆಲಸಕ್ಕೆ ಕೊಡುವುದು (1 + 1/ಕ್ಷ)/(1 − 1/ಕ್ಷ). ಬಿಡಿಸಿದರೆ (ಕ್ಷ + 1)/(ಕ್ಷ − 1) ಬರುತ್ತದೆ, ಎಲ್ಲರ ಅಂಚಿನಲ್ಲೂ 1 ಇರುತ್ತದೆ. ಸೊನ್ನೆಯನ್ನೂ ಬರೆದುಕೊಂಡು ಬಂದವರಿಗೆ ಮರುದಿನ ಹಲಗೆಯ ಬಳಿ ನಿಂತು ಉಳಿದವರಿಗೆ ವಿವರಿಸುವ ಕೆಲಸ.