ಇಂಗ್ಲೆಂಡಿನಲ್ಲಿ ಕುಡಿತ ಬಿಡಿಸಲು ಸಹಾಯ ಹುಡುಕುವಾಗ ಮೊದಲು ಕಾಣುವ ನಂಬರಿಗೆ ಫೋನ್ ಮಾಡಬೇಡಿ

ಇಂಗ್ಲೆಂಡಿನಲ್ಲಿ 11 ವರ್ಷ ನರ್ಸ್ ಆಗಿದ್ದು ಈಗ ಕಟಪಾಡಿಯ ಮನೆಗೆ ಬಂದಿದ್ದೇನೆ. ಉಡುಪಿ, ಮಂಗಳೂರಿನಿಂದ ಹೊಸದಾಗಿ ಹೋದ ಹುಡುಗಿಯರು ಈಗಲೂ ನನಗೆ ಫೋನ್ ಮಾಡುತ್ತಾರೆ. ಬಾಡಿಗೆ, ಬ್ಯಾಂಕು, ಚಳಿ ಎಲ್ಲ ಅವರಿಗೆ ಗೊತ್ತು. ದನಿ ತಗ್ಗಿಸಿ ಕೇಳುವುದು ಬೇರೆ: "ಅಕ್ಕಾ, ಇವರು ಜಾಸ್ತಿ ಕುಡಿಯಲಿಕ್ಕೆ ಶುರು ಮಾಡಿದ್ದಾರೆ. ಎಂತ ಮಾಡುವುದು?"

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ನಾನು ಡ್ಯೂಟಿಗೆ, ನಮ್ಮವರು ಕೆಲಸ ಸಿಗದೆ ಮನೆಯಲ್ಲಿ. ಒಂದು ದಿನ ವಾಷಿಂಗ್ ಮೆಷಿನ್ ಹಿಂದೆ ಕೈ ಹಾಕಿದರೆ ಕಾಲುಚೀಲ ಸುತ್ತಿದ ವೋಡ್ಕಾ ಬಾಟ್ಲಿ ಸಿಕ್ಕಿತು. ಗೋಡೆಗೆ ತಾಗಿ ಸದ್ದಾಗಬಾರದು ಅಂತ ಸುತ್ತಿದ್ದು.

ನೈಟ್ ಡ್ಯೂಟಿಯ ಬಟ್ಟೆಯನ್ನೂ ಬದಲಿಸದೆ ಗೂಗಲ್‌ನಲ್ಲಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ‘24 ಗಂಟೆ ಉಚಿತ ಸಹಾಯವಾಣಿ’. ನೀಲಿ ಬಿಳಿ ಬಣ್ಣ, ಸರ್ಕಾರದ್ದೇ ಅನ್ನುವ ಹಾಗೆ. ಫೋನ್ ಎತ್ತಿದ ಹೆಂಗಸು ನಾನು ಅತ್ತು ಮುಗಿಸುವ ತನಕ ಕಾದಳು. ಅರ್ಧ ಗಂಟೆ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: ಒಂದು ಒಳ್ಳೆಯ ಕೇಂದ್ರದಲ್ಲಿ ಒಂದೇ ಹಾಸಿಗೆ ಉಳಿದಿದೆ, ನಾಳೆ ಇರಲಿಕ್ಕಿಲ್ಲ. 28 ದಿನಕ್ಕೆ 7,000 ಪೌಂಡ್. ಈಗಲೇ 2,000 ಕಟ್ಟಿದರೆ ಹೆಸರು ಬರೆದುಕೊಳ್ಳುತ್ತಾರೆ. ನಾನು ಕಾರ್ಡ್ ನಂಬರ್ ಓದಿ ಹೇಳಿದೆ. ಉಳಿದ ಹಣಕ್ಕೆ ಊರಲ್ಲಿ ಅಮ್ಮ ಬಳೆ ಅಡವಿಟ್ಟರು. ಇವರು ಒಂಬತ್ತನೇ ದಿನಕ್ಕೆ ಹೊರಟು ಬಂದರು. ಒಂದು ಪೌಂಡೂ ವಾಪಸ್ ಬರಲಿಲ್ಲ.

ತಿಂಗಳುಗಳ ನಂತರ ಗೊತ್ತಾಯಿತು, ನಾನು ಮಾತಾಡಿದ್ದು ದಲ್ಲಾಳಿಯ ಹತ್ತಿರ. ಇಂಥವರು ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ. ಖಾಸಗಿ ಕೇಂದ್ರಗಳಿಗೆ ಜನರನ್ನು ಕಳಿಸಿ ಕಮಿಷನ್ ಪಡೆಯುತ್ತಾರೆ. ಉಚಿತ ಅಂದರೆ ಫೋನ್ ಮಾತ್ರ. ಅವರು ಬಾಯಿ ಬಿಡದ ಒಂದು ವಿಷಯ ಉಂಟು: ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ದುಡ್ಡಿನಲ್ಲಿ ನಡೆಯುವ ಉಚಿತ ಸೇವೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಕಾಲು ಗಂಟೆ ದೂರದಲ್ಲಿತ್ತು! ಹೋದ ವರ್ಷ ಶಿರ್ವದ ಒಬ್ಬಳು ಹುಡುಗಿ ಇದೇ ರೀತಿ ದುಡ್ಡು ಕಳೆದುಕೊಂಡಳು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಫೋನಿನಲ್ಲಿ ನೇರವಾಗಿ ಕೇಳಿ: ಚಿಕಿತ್ಸೆ ಕೊಡುವವರು ನೀವೆಯಾ? ನಿಮಗೆ ದುಡ್ಡು ಕೊಡುವವರು ಯಾರು? ಕೇಂದ್ರದ ಹೆಸರು ಏನು, ಅದು ಸಿಕ್ಯೂಸಿಯಲ್ಲಿ (ಇಂಗ್ಲೆಂಡಿನ ಆರೋಗ್ಯ ಸೇವೆಗಳನ್ನು ಪರಿಶೀಲಿಸುವ ಸಂಸ್ಥೆ) ನೋಂದಣಿ ಆಗಿದೆಯಾ? ಮಾತು ತಿರುಗಿಸಿದರೆ ಫೋನ್ ಇಟ್ಟುಬಿಡಿ. ‘ಇವತ್ತೇ ಕಟ್ಟಿ’ ಅಂದವರಿಗಂತೂ ಕಾರ್ಡ್ ನಂಬರ್ ಹೇಳಲೇಬೇಡಿ.

ಸರಿಯಾದ ದಾರಿ ಸುಲಭ. ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ಹತ್ತಿರದ ಆಲ್ಕೊಹಾಲ್ ಸೇವೆ ಹುಡುಕಿ. ಜಿಪಿ ಅಂದರೆ ನಿಮ್ಮ ಏರಿಯಾದ ಡಾಕ್ಟರ ಚೀಟಿ ಬೇಡ, ಕುಡಿಯುವವರೇ ಫೋನ್ ಮಾಡಬಹುದು. ಚಿಕಿತ್ಸೆ ಪಡೆದದ್ದಕ್ಕೆ ವೀಸಾ ಹೋಗುವುದಿಲ್ಲ, ಕುಡಿದು ಗಾಡಿ ಓಡಿಸಿ ಶಿಕ್ಷೆಯಾದರೆ ಅದು ವೀಸಾಕ್ಕೆ ತೊಡಕು. ಡ್ರೈವಿಂಗ್ ಲೈಸೆನ್ಸ್ ಇದ್ದವರು ಕುಡಿತದ ಸಮಸ್ಯೆಯನ್ನು ಲೈಸೆನ್ಸ್ ಕೊಡುವ ಡಿವಿಎಲ್‌ಎಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 1,000 ಪೌಂಡ್ ತನಕ ದಂಡ.

ಕುಡಿತ ಬಿಡುವವರು ಒಟ್ಟಿಗೆ ಕೂತು ಮಾತಾಡುವ ಗುಂಪು ಬೇಕಾದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅನ್ನುತ್ತಾರೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಫೋನ್ 0800 9177 650. ಫೀಸ್ ಇಲ್ಲ. ಸಭೆಯ ಕೊನೆಗೆ ದುಡ್ಡು ಹಾಕಲಿಕ್ಕೆ ತಟ್ಟೆ ಬರುತ್ತದೆ, ಹಾಕದಿದ್ದರೂ ಯಾರೂ ಕೇಳುವುದಿಲ್ಲ. ಎಷ್ಟೋ ಸಭೆ ಚರ್ಚ್ ಹಾಲ್‌ನಲ್ಲಿ ನಡೆಯುತ್ತದೆ. ನಮ್ಮವರು ಬಾಗಿಲ ತನಕ ಹೋಗಿ, ಮತಾಂತರವೋ ಏನೋ ಅಂತ ಎರಡು ಸಲ ತಿರುಗಿ ಬಂದರು. ಹಾಲ್ ಬಾಡಿಗೆಯದ್ದು, ಅಷ್ಟೇ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಆದರೂ ದೇವರ ಮಾತು ಬರುತ್ತದೆ, ಅದು ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅಂತ ಇನ್ನೊಂದು ಗುಂಪು ಉಂಟು.

ಒಂದು ವಿಷಯದಲ್ಲಿ ನಮ್ಮೂರೇ ಮೇಲು ಅಂತ ನನಗೆ ಅನ್ನಿಸುತ್ತದೆ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವರಿಗೆ ಊರಲ್ಲೇ ನವಜೀವನ ಸಮಿತಿ ಇರುತ್ತದೆ. ಸಭೆಗೆ ಬಾರದಿದ್ದರೆ ವಿಚಾರಿಸಲಿಕ್ಕೆ ಊರಿನವರು ಇರುತ್ತಾರೆ. ಇಂಗ್ಲೆಂಡಿನಲ್ಲಿ ಯಾರೂ ನಿಮ್ಮ ಬಾಗಿಲು ತಟ್ಟುವುದಿಲ್ಲ. ಆದರೆ ಊರಲ್ಲಿ ಮರ್ಯಾದೆಗೆ ಅಂಜಿ ಶಿಬಿರಕ್ಕೇ ಹೋಗದವರು ಎಷ್ಟು ಜನ! ಎಎ ಸಭೆಯಲ್ಲಿ ಬರೀ ಮೊದಲ ಹೆಸರು ಹೇಳಿ ಕೂತರೆ ಸಾಕು.

ಇದೊಂದನ್ನು ದಯವಿಟ್ಟು ಮರೆಯಬೇಡಿ. ದಿನವೂ ಜಾಸ್ತಿ ಕುಡಿಯುವವರ ಬಾಟ್ಲಿ ಒಮ್ಮೆಲೇ ಸಿಂಕಿಗೆ ಸುರಿಯಬೇಡಿ. ಶಿರ್ವದ ಹುಡುಗಿ ಸುರಿದಳು, ಎರಡನೇ ರಾತ್ರಿ ಗಂಡನಿಗೆ ಫಿಟ್ಸ್ ಬಂತು. ದಿಢೀರ್ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮೊದಲು ಜಿಪಿ ಅಥವಾ ಆ ಉಚಿತ ಸೇವೆಯವರ ಹತ್ತಿರ ಮಾತಾಡಿ. ಫಿಟ್ಸ್ ಬಂದರೆ, ಇಲ್ಲದ್ದೆಲ್ಲ ಕಾಣುತ್ತಿದೆ ಅಂದರೆ ಕೂಡಲೇ ಆಂಬುಲೆನ್ಸಿಗೆ 999ಕ್ಕೆ ಫೋನ್ ಮಾಡಿ.

ಗಂಡ ಒಪ್ಪದಿದ್ದರೆ ನೀವೇ ಹೋಗಿ. ಮನೆಯವರಿಗಾಗಿಯೇ ಅಲ್-ಅನಾನ್ ಅಂತ ಬೇರೆ ಗುಂಪು ಉಂಟು. ನಮ್ಮ ಮನೆಯಿಂದ ಮೊದಲು ಹೋದದ್ದು ನಾನೇ. ಒಂದು ಮಂಗಳವಾರ ಸಂಜೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೋಟು ತೆಗೆಯದೆ ಕೂತಿದ್ದೆ. ಬಿಳಿ ಕೂದಲಿನ ಒಬ್ಬರು ಅಜ್ಜಿ ಏನೂ ಕೇಳದೆ ಒಂದು ಕಪ್ ಚಹಾ ತಂದು ಕೈಗೆ ಕೊಟ್ಟರು. ಇವರು ಎಎಗೆ ಹೊರಟದ್ದು ಅದಾಗಿ ಐದು ತಿಂಗಳ ಮೇಲೆ.